ಬಣ್ಣ ಬಳಿದ ಮ್ಯಾಗ್ನೆಟ್ಟುಗಳು

ಹಡಗನ್ನು ನಾನು ಹತ್ತಿರದಿಂದ ನೋಡಿದವಳಲ್ಲ. ಆದರೂ ಹಡಗಿನ ಪಕ್ಕೆ ಎಂದರೆ ನನಗೆ ಹೆದರಿಕೆ. ವೈಟ್‌ಫೀಲ್ಡಿನ ಎಸಿ ರೂಮುಗಳಲ್ಲಿ ಕೂತು ಕೆಲಸ ಮಾಡುವ ನನ್ನ ಗೆಳತಿಯರಿಗೆ ಇದು ಇಂದಿಗೂ ತಮಾಷೆಯ ವಿಷಯ. ಪೀಣ್ಯದಲ್ಲಿ ಯಾವ ಸಮುದ್ರ ಇದೆ ಮಗಾ, ಮಳೆ ಬಂದಾಗ ರೋಡಲ್ಲಿ ನಿಲ್ಲತ್ತಲ್ಲ ಅದಾ ಎಂದು ಕೇಳುತ್ತಾರೆ. ಸಮುದ್ರ ಇಲ್ಲ, ಸಮುದ್ರದ ದಡದಲ್ಲಿ ಹಡಗು ಕಟ್ಟುವವರಿಗೆ ಬೇಕಾದ ಮ್ಯಾಗ್ನೆಟ್ ಮಾಡುವ ಒಂದು ಷೆಡ್ ಇದೆ ಎಂದು ನಾನು ಎಷ್ಟೋ ಸಲ ವಿವರಿಸಿದ್ದೇನೆ. ಅವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯನ್ನು ನೆನೆಸಿಕೊಂಡು ನಗುತ್ತಾರೆ.

ಹಡಗಿನ ಮೈ ಎಂದರೆ ಉಕ್ಕಿನ ಪಕ್ಕೆಲುಬುಗಳ ಮೇಲೆ ಹೊದಿಸಿದ ಉಕ್ಕಿನ ಪ್ಲೇಟುಗಳು. ಒಂದೊಂದು ಪ್ಲೇಟೂ ಒಂದು ಕೋಣೆಯ ಗೋಡೆಯಷ್ಟಿರುತ್ತದೆ. ಬೆಸುಗೆ ಬೀಳುವ ತನಕ ಅದನ್ನು ಪಕ್ಕೆಲುಬಿಗೆ ಒತ್ತಿ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಹಳೆಯ ರೀತಿಯಲ್ಲಿ ಪ್ಲೇಟಿಗೆ ಸಣ್ಣ ಕಬ್ಬಿಣದ ತುಂಡುಗಳನ್ನು ಬೆಸೆದು, ಬೆಣೆ ಹೊಡೆದು ಬಿಗಿಮಾಡಿ, ಕೆಲಸ ಮುಗಿದ ಮೇಲೆ ಆ ತುಂಡುಗಳನ್ನು ಕತ್ತರಿಸಿ, ಉಳಿದ ಗಾಯವನ್ನು ಉಜ್ಜಿ ನುಣುಪು ಮಾಡಬೇಕು. ನಮ್ಮ ಸಾಧನ ಬಂದರೆ ಈ ಯಾವ ರಗಳೆಯೂ ಇಲ್ಲ. ಅದಕ್ಕೆ ಎರಡು ಪಾದ. ಒಂದು ಪಾದ ಪಕ್ಕೆಲುಬಿನ ಮೇಲೆ ಕೂರುತ್ತದೆ, ಇನ್ನೊಂದು ಪ್ಲೇಟಿನ ಒಳಮೈಗೆ. ಮೇಲಿನ ಹಿಡಿ ತಿರುಗಿಸಿದರೆ ಒಳಗಿನ ಅಯಸ್ಕಾಂತ ತಿರುಗಿ ಎರಡೂ ಪಾದ ಕಚ್ಚಿಕೊಳ್ಳುತ್ತವೆ. ಹಿಂದಕ್ಕೆ ತಿರುಗಿಸಿದರೆ ಬಿಡುತ್ತವೆ. ಕರೆಂಟ್ ಬೇಡ, ಆದ್ದರಿಂದ ಕರೆಂಟ್ ಹೋದರೂ ಭಯವಿಲ್ಲ. ಗಿರಾಕಿಗಳಿಗೆ ನಾನೇ ಇದನ್ನು ಹೇಳುತ್ತೇನೆ, ಭಯವಿಲ್ಲ ಎಂಬ ಮಾತನ್ನು ಕೂಡ.

ನನಗೆ ಮಾತ್ರ ಕೆಲಸಕ್ಕೆ ಸೇರಿದ ವಾರದಿಂದಲೇ ಭಯ. ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಒಂದು ಸ್ಪ್ಯಾನರ್, ಯಾರೂ ಮುಟ್ಟದೆ, ಗಾಳಿಯಲ್ಲಿ ಹಾರಿ ಹೋಗಿ ಮ್ಯಾಗ್ನೆಟ್ಟಿಗೆ ಬಡಿದುಕೊಂಡದ್ದನ್ನು ಕಂಡೆ. ನಡುವೆ ನನ್ನ ಕೈ ಇದ್ದಿದ್ದರೆ ಎಂದು ಮನಸ್ಸು ಕೇಳಿತು. ಕಣ್ಣಿಗೆ ಕಾಣುವ ಯಂತ್ರದ ಹತ್ತಿರ ಎಲ್ಲಿ ನಿಲ್ಲಬಾರದು ಎಂದು ಗೊತ್ತಾಗುತ್ತದೆ. ಇದರ ಬಲ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕಣ್ಣು ಹೇಳುವುದಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆಂದು ಊರೂರು ಸುತ್ತಿದವಳು ನಾನು. ಕಾಣದ್ದನ್ನು ನಂಬಬೇಡಿ ಎಂದು ವೇದಿಕೆಯ ಮೇಲೆ ಎಷ್ಟೋ ಸಲ ವಾದಿಸಿದ್ದೇನೆ. ಈಗ ಕಾಣದ ಒಂದನ್ನು ಅಳೆದು, ಇಷ್ಟು ಹಿಡಿಯುತ್ತದೆ ಎಂದು ಸಹಿ ಹಾಕುವುದೇ ನನ್ನ ಉದ್ಯೋಗ.

ಷೆಡ್ಡಿನ ಯಜಮಾನರು ಇಲ್ಲಿಯವರೇ. ಷೆಡ್ ನಿಂತಿರುವ ಜಾಗ ಅವರ ಅಜ್ಜನ ರಾಗಿ ಹೊಲವಾಗಿತ್ತಂತೆ. ಅವರು ವಾದ ಮಾಡುವುದನ್ನು ಕಬಡ್ಡಿಯಂತೆ ಆನಂದಿಸುತ್ತಾರೆ. ಆಯುಧಪೂಜೆಯ ದಿನ ನಾನು ಗೇಟಿನ ಮುಂದೆ ರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆಯಬೇಡಿ, ಸ್ಕೂಟರಿನವರು ಜಾರಿ ಬೀಳುತ್ತಾರೆ ಎಂದೆ. ಅಲ್ಲಿಂದ ಶುರುವಾಗಿ ಯಂತ್ರಕ್ಕೆ ಕುಂಕುಮ ಯಾಕೆ, ಲೇತ್ ಮಷೀನಿಗೆ ಬಾಳೆಕಂಬ ಯಾಕೆ ಎನ್ನುವ ತನಕ ಹೋಯಿತು. ಯಜಮಾನರು ಪ್ರತಿಯೊಂದಕ್ಕೂ ನಗುತ್ತಾ ಒಂದೊಂದು ಉತ್ತರ ಎಸೆದರು. ಸುತ್ತ ನಿಂತವರು ಇಬ್ಬರ ಪರವಾಗಿಯೂ ಚಪ್ಪಾಳೆ ತಟ್ಟಿದರು. ಕಡೆಗೆ ಕಾಯಿ ಗೇಟಿನ ಒಳಗೆ ಒಡೆಯಿತು, ನಾನು ಪುರಿ ತಿಂದೆ, ಜಗಳ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ದಿನ ನಮ್ಮ ಫಿಟ್ಟರ್ ಅಣ್ಣ ಹೆಂಡತಿ ಮಗಳನ್ನೂ ಕರೆತಂದಿದ್ದರು. ಬಾಗಲಕೋಟೆಯ ಕಡೆಯವರು, ಲಗ್ಗೆರೆಯಲ್ಲಿ ಒಂದು ಕೋಣೆ ಹಿಡಿದು ಇದ್ದಾರೆ. ಮ್ಯಾಗ್ನೆಟ್ಟುಗಳನ್ನು ಪರೀಕ್ಷೆಗೆ ಕೂರಿಸುವುದು, ಪ್ಲೇಟ್ ಸರಿಯಾಗಿ ಕೂತಿದೆಯೇ ನೋಡುವುದು ಅವರ ಕೆಲಸ. ಮಗಳು ಅಪ್ಪನ ಹೆಗಲೇರಿ, ಪೂಜೆಗೆ ಜೋಡಿಸಿಟ್ಟ ಮ್ಯಾಗ್ನೆಟ್ಟುಗಳನ್ನು ತೋರಿಸಿ ನೀಲಿ ನೀಲಿ ಎಂದು ಕೂಗಿದಳು. ನೀಲಿ ಇದ್ದವು ನಿಜ. ಹಬ್ಬಕ್ಕೆ ಮುಂಚೆ ಎಲ್ಲ ಯಂತ್ರಗಳಿಗೂ ಹೊಸ ಬಣ್ಣ ಬಳಿಯುವುದು ಪೀಣ್ಯದ ಯಾವ ಷೆಡ್ಡಿನಲ್ಲಾದರೂ ಇರುವ ರೂಢಿ. ನಮ್ಮಲ್ಲಿ ಎಲ್ಲರೂ ಕೈಗೊಂದು ಬ್ರಷ್ ಹಿಡಿದು ಬಳಿಯುತ್ತಾರೆ, ಅದೂ ಒಂದು ಸೇವೆ. ಮ್ಯಾಗ್ನೆಟ್ಟಿನ ಮೈಗೆ ಮಾತ್ರ ಬಣ್ಣ, ಪಾದಕ್ಕೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಬರಿಯ ಉಕ್ಕು ಬರಿಯ ಉಕ್ಕನ್ನು ಮುಟ್ಟಿದರೆ ಮಾತ್ರ ಹಿಡಿತ ಪೂರ್ತಿ. ನಡುವೆ ತೆಳ್ಳಗೆ ಏನು ಬಂದರೂ ಹಿಡಿತ ಇಳಿದುಹೋಗುತ್ತದೆ.

ಆದರೆ ಮೈಗೆ ಬಳಿದ ಮೇಲೆ ಒಣಗಲೆಂದು ಅವನ್ನು ತಲೆಕೆಳಗಾಗಿ, ಪಾದ ಮೇಲಾಗಿ ಇಟ್ಟಿದ್ದರು. ಬೆಳಿಗ್ಗೆ ಬೇರೆ ಯಾರೋ ಬಂದು ನೋಡಿದಾಗ ಮೇಲ್ಗಡೆ ಕಂಡದ್ದು ಕಲೆ ಹಿಡಿದ, ಗೀರು ಬಿದ್ದ, ಬಣ್ಣವಿಲ್ಲದ ಉಕ್ಕು. ದೇವರ ಮುಂದೆ ಹೀಗೆ ಇಡುವುದೇ ಎಂದು ಭಕ್ತಿಯಿಂದ ಅದಕ್ಕೂ ಬಳಿದರು. ಇಷ್ಟೇ ನಡೆದದ್ದು. ಯಾರು ಎಂದು ನಾವು ಆಮೇಲೆ ಕೇಳಲಿಲ್ಲ. ಅಷ್ಟೊಂದು ಕೈಗಳಲ್ಲಿ ಯಾವ ಕೈ ಎಂದು ಹುಡುಕುವುದು?

ಹಬ್ಬದ ರಜೆ ಮುಗಿದು ಷೆಡ್ ತೆರೆದ ದಿನ ಮೋಡ ಕವಿದಿತ್ತು. ರಜೆಯ ಉದ್ದಕ್ಕೂ ಜಿಟಿಜಿಟಿ ಮಳೆ. ಹೊಸ ಮ್ಯಾಗ್ನೆಟ್ಟುಗಳನ್ನು ಹಡಗುಕಟ್ಟೆಗೆ ಕಳಿಸುವ ಮೊದಲು ಕಡೆಯ ಪರೀಕ್ಷೆ ಇತ್ತು. ಇದಕ್ಕೆಂದೇ ಷೆಡ್ಡಿನ ಹಿಂದುಗಡೆ ಒಂದು ಅಣಕು ಪಕ್ಕೆ ನಿಲ್ಲಿಸಿದ್ದೇವೆ. ಹಡಗಿನ ಮೂತಿಯ ಹತ್ತಿರ ಪಕ್ಕೆ ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಹೊರಕ್ಕೆ ಬಾಗುತ್ತದೆ. ನಮ್ಮದೂ ಹಾಗೆಯೇ. ಕ್ರೇನಿನಿಂದ ಪ್ಲೇಟನ್ನು ಎತ್ತಿ, ಬಾಗಿದ ಪಕ್ಕೆಲುಬುಗಳಿಗೆ ಆನಿಸಿ, ಒಳಗಡೆಯಿಂದ ಮ್ಯಾಗ್ನೆಟ್ಟುಗಳನ್ನು ಕೂರಿಸುತ್ತಾರೆ. ಆಮೇಲೆ ಫಿಟ್ಟರ್ ಅಣ್ಣ ಗಾಲಿ ಇರುವ ಒಂದು ಹಲಗೆಯ ಮೇಲೆ ಅಂಗಾತ ಮಲಗಿ, ಆ ಪ್ಲೇಟಿನ ಅಡಿಗೆ ಜಾರಿ, ಕೆಳ ಅಂಚಿನ ಸಂದನ್ನು ಟಾರ್ಚ್ ಬಿಟ್ಟು ನೋಡುತ್ತಾರೆ. ಯಾರಾದರೂ ಅಡಿಯಲ್ಲಿದ್ದಾಗ ಕ್ರೇನಿನ ಕೊಕ್ಕೆ ಬಿಚ್ಚಬಾರದು ಎಂಬ ನಿಯಮ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಷೆಡ್ಡಿಗೆ ಇರುವುದು ಒಂದೇ ಕ್ರೇನ್. ಅಂದು ಬಾಗಿಲಲ್ಲಿ ಉಕ್ಕಿನ ಲಾರಿ ಬಂದು ನಿಂತಿತು. ಎಂದಿನಂತೆ ಕೊಕ್ಕೆ ಬಿಚ್ಚಿಕೊಂಡು ಕ್ರೇನ್ ಆ ಕಡೆ ಹೋಯಿತು.

ನಾನು ಪೂಜೆಯ ಮೇಜಿನ ಹತ್ತಿರ ಇದ್ದೆ. ಪರೀಕ್ಷೆಗೆ ಬೇಡವಾಗಿ ಉಳಿದ ಒಂದು ಮ್ಯಾಗ್ನೆಟ್ಟಿನ ಮೇಲೆ ಬಾಡಿದ ಸೇವಂತಿಗೆ ಹಾರ ಇತ್ತು. ಹಾರ ತೆಗೆಯಲು ಅದನ್ನು ಮಗುಚಿದೆ. ಪಾದ ನೀಲಿಯಾಗಿತ್ತು. ನಡುವೆ ಒಂದು ಕುಂಕುಮದ ಬೊಟ್ಟು. ಮೊದಲು ನನಗೆ ನಗು ಬಂತು. ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಉಗುರು ಒಳಗೆ ಇಳಿಯಿತು. ಮೇಲೆ ಒಣಗಿದಂತೆ ಕಂಡರೂ ಒಳಗೆ ಬಣ್ಣ ಇನ್ನೂ ಬೆಣ್ಣೆಯ ಹಾಗಿತ್ತು.

ಪರೀಕ್ಷೆಗೆ ಕೂರಿಸಿದವನ್ನೂ ಇದೇ ಮೇಜಿನಿಂದ, ಯಾರೂ ಮಗುಚಿ ನೋಡದೆ, ಎತ್ತಿಕೊಂಡು ಹೋಗಿದ್ದರು. ಪಕ್ಕೆಯ ಕಡೆ ನಡೆದೆ, ಓಡಲಿಲ್ಲ, ಓಡಿದರೆ ನೆಲ ಅದುರುತ್ತದೆ ಅನ್ನಿಸಿತು. ಪ್ಲೇಟ್ ಕೂರಿಸಿದ ಮೇಲೆ ಫಿಟ್ಟರ್ ಅಣ್ಣ ಪಕ್ಕೆಲುಬಿನಿಂದ ಪ್ಲೇಟಿನ ಅಂಚಿನವರೆಗೆ ಸುಣ್ಣದ ಕಡ್ಡಿಯಿಂದ ಒಂದೇ ಗೆರೆ ಎಳೆಯುತ್ತಾರೆ, ಕದಲಿದರೆ ಗೊತ್ತಾಗಲಿ ಎಂದು. ಆ ಗೆರೆ ಈಗ ಒಂದಾಗಿರಲಿಲ್ಲ. ಪಕ್ಕೆಲುಬಿನ ಮೇಲಿನ ತುಂಡು ಮೇಲೆ ಇತ್ತು, ಪ್ಲೇಟಿನ ಮೇಲಿನ ತುಂಡು ಅದಕ್ಕಿಂತ ಉಗುರಿನಷ್ಟು ಕೆಳಗೆ. ಪ್ಲೇಟಿನ ಅಡಿಯಿಂದ ಎರಡು ಬೂಟುಗಳು ಹೊರಗೆ ಚಾಚಿಕೊಂಡಿದ್ದವು. ಟಾರ್ಚಿನ ಬೆಳಕು ಒಳಗೆ ಅತ್ತಿತ್ತ ಆಡುತ್ತಿತ್ತು. ಅವರು ಏನೋ ಗುನುಗುತ್ತಿದ್ದರು.

ಮೊದಲು ಕ್ರೇನ್ ತರಬೇಕು ಎಂದು ಹೊಳೆಯಿತು. ಲಾರಿಯ ಹತ್ತಿರ ಯಜಮಾನರು ನಿಂತಿದ್ದರು. ಮ್ಯಾಗ್ನೆಟ್ಟಿನ ಪಾದಕ್ಕೆ ಪೂಜೆಯ ಬಣ್ಣ ಬಳಿದಿದ್ದಾರೆ, ಪ್ಲೇಟ್ ಜಾರುತ್ತಿದೆ, ಕ್ರೇನ್ ಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರ ಮುಖದಲ್ಲಿ ಹಬ್ಬದ ದಿನದ ಅದೇ ನಗು ಅರಳಿತು.

"ಪೂಜೆ ಮುಗೀತು ಕಣವ್ವ. ನೀನಿನ್ನೂ ಬಿಡಾಕಿಲ್ವಾ?"

ವಾದವಲ್ಲ ಸಾರ್ ಎಂದೆ. ವಾದ ಶುರುಮಾಡುವವರೆಲ್ಲ ಹೀಗೇ ಅನ್ನೋದು ಎಂದರು. ಕ್ರೇನ್ ನಡೆಸುವಾತ ರಿಮೋಟ್ ಹಿಡಿದು ನಿಂತವನು, ಮೇಡಂ ಇವತ್ತು ಸೆಕೆಂಡ್ ರೌಂಡು ಎಂದು ನಕ್ಕ. ನಾನು ಬಣ್ಣದ ದಪ್ಪದ ಬಗ್ಗೆ ಹೇಳಿದೆ. ವರ್ಷಾವರ್ಷ ಬಳಿತೀವಲ್ಲ, ಯಾವತ್ತಾದ್ರೂ ಬಿದ್ದೈತಾ ಎಂದು ಯಜಮಾನರು ಕೇಳಿದರು. ಗೆರೆ ಒಡೆದಿದೆ ಎಂದೆ. ಸುಣ್ಣದ ಗೆರೆ ತಾನೆ, ಎಳೆಯುವಾಗಲೇ ಸೊಟ್ಟಗಿತ್ತೇನೋ ಎಂದರು. ಒಂದು ಮಾತಿಗೆ ಒಂದು ಮಾತು, ನಾನು ಕಲಿತ ಆಟದ ನಿಯಮದಂತೆ ಸರಿಯಾಗಿಯೇ ನಡೆಯುತ್ತಿತ್ತು. ಆ ಪ್ರತಿಯೊಂದು ಮಾತಿನಲ್ಲೂ ಪ್ಲೇಟ್ ಎಷ್ಟು ಇಳಿಯುತ್ತಿದೆಯೋ ನನಗೆ ಗೊತ್ತಿರಲಿಲ್ಲ. ನನ್ನ ಬೆನ್ನು ಆ ಕಡೆ ಇತ್ತು, ತಿರುಗಿ ನೋಡಲು ಧೈರ್ಯವಿರಲಿಲ್ಲ. ನನ್ನ ದನಿ ನನಗೇ ಯಾರದೋ ಎನ್ನಿಸತೊಡಗಿತು.

ಕೈಯಲ್ಲಿ ಆ ಉಳಿದ ಮ್ಯಾಗ್ನೆಟ್ ಇನ್ನೂ ಇತ್ತು. ಮಾತು ನಿಲ್ಲಿಸಿ, ಅದನ್ನು ಪಕ್ಕದ ಕಬ್ಬಿಣದ ಕಂಬಕ್ಕೆ ಆನಿಸಿ ಹಿಡಿ ತಿರುಗಿಸಿದೆ. ಎಂದಿನ ಟಕ್ ಎಂಬ ಸದ್ದು ಬರಲಿಲ್ಲ, ಒದ್ದೆ ಬಟ್ಟೆ ಗೋಡೆಗೆ ಬಡಿದಂಥ ಸದ್ದು ಬಂತು. ಎರಡೂ ಕೈಯಿಂದ ಅದಕ್ಕೆ ಜೋತುಬಿದ್ದೆ. ಸರಿಯಾದ ಮ್ಯಾಗ್ನೆಟ್ಟಿಗೆ ನನ್ನಂಥವರು ನಾಲ್ಕು ಜನ ಜೋತುಬಿದ್ದರೂ ಅದು ಕದಲುವುದಿಲ್ಲ. ಇದು ಮೆಲ್ಲಗೆ, ಸದ್ದೇ ಇಲ್ಲದೆ, ಕಂಬದ ಉದ್ದಕ್ಕೂ ನೀಲಿ ಗೆರೆ ಎಳೆಯುತ್ತಾ ಕೆಳಗೆ ಇಳಿಯಿತು.

ಯಜಮಾನರ ಮುಖದ ನಗು ಎಲ್ಲಿ ಹೋಯಿತೋ. ಅವರು ಆ ಗೆರೆಯನ್ನು ನೋಡಿದರು, ಪಕ್ಕೆಯ ಕಡೆ ನೋಡಿದರು. ಕ್ರೇನಿನವನ ಭುಜ ಮುಟ್ಟಿ, ಲಾರಿಯ ಮಾಲನ್ನು ಕೆಳಗಿಳಿಸಿ ಕೊಕ್ಕೆ ಬಿಡಿಸು ಎಂದು ಪಿಸುಗುಟ್ಟಿದರು. ಕೊಕ್ಕೆಯಲ್ಲಿ ಅರ್ಧ ಎತ್ತಿದ ಉಕ್ಕಿನ ಕಟ್ಟು ತೂಗಾಡುತ್ತಿತ್ತು. ಅದನ್ನು ಇಳಿಸದೆ ಕ್ರೇನ್ ಬರುವಂತಿರಲಿಲ್ಲ. ಅದು ಇಳಿಯುವ ತನಕ ಕಾಯಲು ನನ್ನಿಂದ ಆಗಲಿಲ್ಲ.

ಆ ಅಡಿಯಿಂದ ಹೊರಬರುವ ರೀತಿಯೊಂದಿದೆ. ಮಲಗಿದವರು ತಲೆಯ ಮೇಲಿನ ಪ್ಲೇಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಒಮ್ಮೆ ನೂಕಿದರೆ, ಹಲಗೆ ಉರುಳಿ ಹೊರಗೆ ಬರುತ್ತದೆ. ಎಲ್ಲರೂ ಹಾಗೆಯೇ ಬರುವುದು. ನಾನು ದೂರದಿಂದ ಕೂಗಿದರೆ ಫಿಟ್ಟರ್ ಅಣ್ಣ ಮೊದಲು ಮಾಡುವುದು ಅದನ್ನೇ. ಆದ್ದರಿಂದ ಅವರ ಬೂಟಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ.

ಅಣ್ಣ ಎಂದೆ. ಗುನುಗು ನಿಂತಿತು.

"ಪೂಜಿ ಮುಗದ್ರೂ ನಿಮ್ಮ ಜಗಳ ಮುಗಿವಲ್ದು ನೋಡ್ರಿ ಮೇಡಂ. ಇಲ್ಲಿ ತನಕ ಕೇಳಿಸ್ತೈತಿ."

"ಅಣ್ಣ, ಕೈ ಎರಡೂ ಎದೆ ಮೇಲೆ ಇಟ್ಕೊಳ್ಳಿ."

"ಯಾಕ್ರಿ?"

"ಇಟ್ಕೊಳ್ಳಿ. ಪ್ಲೇಟ್ ಮುಟ್ಟಬೇಡಿ."

ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತು. ಅವರಿಗೆ ಅರ್ಥವಾಗಿದೆ ಎಂದು ಆ ಬೆಳಕಿನಿಂದಲೇ ತಿಳಿಯಿತು. ಅವರ ಮುಖದ ಮೇಲೆ, ಒಂದು ಗೇಣು ಅಂತರದಲ್ಲಿ ಆ ಪ್ಲೇಟ್ ಇತ್ತು. ನಾನೇ ಎಳೆಯುತ್ತೇನೆ, ನೀವು ಕದಲಬೇಡಿ ಎಂದು ಹೇಳಿ ಅವರ ಎರಡೂ ಬೂಟುಗಳನ್ನು ಹಿಡಿದೆ.

"ಕಾಲ್ ಮುಟ್ಟಬ್ಯಾಡ್ರಿ ಮೇಡಂ" ಎಂದರು ಅವರು, ಸಂಕೋಚದಿಂದ, ಮತ್ತು ಕಾಲನ್ನು ಒಳಕ್ಕೆ ಎಳೆದುಕೊಂಡರು.

ಮಂಡಿ ಮೇಲೆದ್ದಿತು. ಮಂಡಿಗೂ ಪ್ಲೇಟಿಗೂ ನಡುವೆ ಒಂದು ಕೈಬೆರಳು ಹೋಗುವಷ್ಟೇ ಜಾಗ ಉಳಿಯಿತು. ಒಬ್ಬ ಮನುಷ್ಯ ಅಂಥ ಜಾಗದಲ್ಲಿ ಮಲಗಿಯೂ, ಹೆಣ್ಣುಮಗಳೊಬ್ಬಳು ತನ್ನ ಕಾಲು ಹಿಡಿದಳಲ್ಲ ಎಂದು ನಾಚುವುದನ್ನು ನಾನು ಯಾವ ಲೆಕ್ಕದಲ್ಲೂ ಹಿಡಿದಿರಲಿಲ್ಲ. ಬೈಯಬೇಕು ಅನ್ನಿಸಿತು, ಬೈದರೆ ಇನ್ನೂ ಮುದುಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡವರ ಕಾಲು ಮುಟ್ಟಿದರೆ ಒಳ್ಳೆಯದಾಗುತ್ತದೆ ಅಂತಾರೆ ಅಣ್ಣ, ಒಂದು ಸಲ ಮುಟ್ಟಿಸಿಕೊಳ್ಳಿ ಎಂದೆ. ನಾನು ನಂಬದ ಮಾತು, ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ಉಸಿರು ಬಿಟ್ಟದ್ದು ಕೇಳಿಸಿತು. ಮಂಡಿ ಮೆಲ್ಲಗೆ ಕೆಳಗಿಳಿಯಿತು.

ಎಳೆದೆ. ಹಲಗೆಯ ಒಂದು ಗಾಲಿ ನೆಲದ ಮೇಲಿನ ಯಾವುದೋ ಹಳೆಯ ಬೆಸುಗೆಯ ಉಂಡೆಗೆ ತಗುಲಿ ನಿಂತಿತು. ಜಗ್ಗಲು ಹೆದರಿಕೆ, ಬಿಡಲು ಹೆದರಿಕೆ. ಸ್ವಲ್ಪ ಓರೆ ಮಾಡಿ ಮತ್ತೆ ಎಳೆದೆ. ಸೊಂಟ ಬಂತು, ಎದೆಯ ಮೇಲೆ ಕಟ್ಟಿಕೊಂಡ ಕೈಗಳು ಬಂದವು, ಗದ್ದ ಬಂತು. ಕಡೆಗೆ ಮುಖ ಬಂದಾಗ ಅವರ ಕಣ್ಣು ಮುಚ್ಚಿತ್ತು. ಹೊರಗೆ ಬಂದಿದ್ದೀರಿ ಎಂದು ಹೇಳಿದ ಮೇಲೆ ತೆರೆದರು.

ಅವರನ್ನು ಎಬ್ಬಿಸಿ ದೂರ ಕರೆದುಕೊಂಡು ಬಂದೆ. ಎಲ್ಲರೂ ಸೇರಿದರು, ಎಲ್ಲರೂ ಪ್ಲೇಟನ್ನು ನೋಡುತ್ತಾ ನಿಂತರು. ಅದು ನಿಂತೇ ಇತ್ತು. ಸ್ವಲ್ಪ ಹೊತ್ತಾದ ಮೇಲೂ ನಿಂತೇ ಇತ್ತು. ಯಾರೋ ಕೆಮ್ಮಿದರು. ಯಾರೋ, ಚೆನ್ನಾಗೇ ಹಿಡಿದಿದೆಯಲ್ಲ ಎಂದರು. ನಾನು ಆ ಗೆರೆಯನ್ನು ನೋಡುತ್ತಿದ್ದೆ. ನಿಜಕ್ಕೂ ಎಳೆಯುವಾಗಲೇ ಸೊಟ್ಟಗಿತ್ತೇ? ಬೀಳಬಾರದು ಎಂಬುದು ಒಂದು ಭಯ. ಬೀಳದೇ ಹೋದರೆ ನಾಳೆಯಿಂದ ಈ ಷೆಡ್ಡಿನಲ್ಲಿ ನನ್ನ ಮಾತಿಗೆ ಯಾರೂ ಪ್ಲೇಟಿನ ಅಡಿಯಿಂದ ಎದ್ದು ಬರುವುದಿಲ್ಲ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ಇದ್ದವು, ಯಾವುದು ದೊಡ್ಡದು ಎಂದು ಆ ಗಳಿಗೆಯಲ್ಲಿ ನಾನು ಹೇಳಲಾರದವಳಾಗಿದ್ದೆ.

ಫಿಟ್ಟರ್ ಅಣ್ಣ ಜೇಬು ತಡಕಿಕೊಂಡು, ಟಾರ್ಚ್ ಅಲ್ಲೇ ಉಳೀತ್ರಿ ಎಂದು ಆ ಕಡೆ ಒಂದು ಹೆಜ್ಜೆ ಇಟ್ಟರು. ಬೆಳಕು ಅಡಿಯಿಂದ ನೆಲದ ಮೇಲೆ ಬೀಳುತ್ತಿತ್ತು. ಹಲಗೆಯೂ ಅರ್ಧ ಒಳಗೆ ಇತ್ತು, ಅವರು ಏಳುವಾಗ ಹಿಂದಕ್ಕೆ ಉರುಳಿತ್ತು. ನಾನು ಅವರ ಅಂಗಿಯ ತೋಳು ಹಿಡಿದೆ. ಬೇಡ ಎಂದೆ. ಯಾಕೆ ಬೇಡ ಎಂದು ಕೇಳಿದರೆ ಕೊಡಲು ನನ್ನ ಹತ್ತಿರ ಒಂದು ಕಾರಣವೂ ಉಳಿದಿರಲಿಲ್ಲ. ಅವರು ಕೇಳಲಿಲ್ಲ. ನಿಂತರು.

ಅಷ್ಟರಲ್ಲಿ ಲಾರಿಯ ಕಟ್ಟು ಇಳಿದು, ಕ್ರೇನ್ ನಮ್ಮ ಕಡೆ ಹೊರಟಿತು. ತಲೆಯ ಮೇಲಿನ ಹಳಿ ಗುಡುಗುಟ್ಟಿತು. ಪ್ಲೇಟಿನ ಎಡಮೂಲೆ ಒಂದಿಷ್ಟು ಇಳಿಯಿತು, ಯಾರೋ ಸುಸ್ತಾಗಿ ಭುಜ ಇಳಿಬಿಟ್ಟ ಹಾಗೆ. ಆಮೇಲೆ ಇಡಿಯ ಪ್ಲೇಟ್ ಬಂತು. ಸದ್ದನ್ನು ಕಿವಿಗಿಂತ ಮೊದಲು ಕಾಲು ಕೇಳಿಸಿಕೊಂಡಿತು. ಧೂಳು ಇಳಿದ ಮೇಲೆ ನೋಡಿದರೆ ಹಲಗೆಯ ಹೊರಗಿನ ಅರ್ಧ ಮಾತ್ರ ಇತ್ತು. ಬೆಳಕು ಇರಲಿಲ್ಲ.

ಫಿಟ್ಟರ್ ಅಣ್ಣ ಗೋಡೆಗೆ ಒರಗಿ ಕೂತು ಮನೆಗೆ ಫೋನ್ ಮಾಡಿದರು. ನಡೆದದ್ದನ್ನು ಹೇಳಲಿಲ್ಲ. ಮಗಳು ಊಟ ಮಾಡಿದಳೇ, ಎಷ್ಟು ಉಂಡಳು, ಏನು ಹಾಕಿದ್ದೆ ಎಂದು ಒಂದೊಂದಾಗಿ ಕೇಳಿದರು. ಆ ಕಡೆಯಿಂದ ಹೆಂಡತಿ, ಇವತ್ಯಾಕೆ ಇಷ್ಟು ವಿಚಾರಣೆ ಎಂದು ನಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

ಯಜಮಾನರು ಎಲ್ಲ ಮ್ಯಾಗ್ನೆಟ್ಟುಗಳನ್ನೂ ತರಿಸಿಕೊಂಡು, ಮಣೆಯ ಮೇಲೆ ಕೂತು, ಬ್ಲೇಡು ಹಿಡಿದು ಪಾದಗಳ ಬಣ್ಣ ಕೆರೆಯತೊಡಗಿದರು. ನಾನೂ ಎದುರಿಗೆ ಕೂತು ಒಂದನ್ನು ಎತ್ತಿಕೊಂಡೆ. ನೀಲಿ ಸುರುಳಿಗಳು ನಮ್ಮ ಮಡಿಲಲ್ಲಿ ಬೀಳುತ್ತಿದ್ದವು. ಅವರು ತಲೆ ಎತ್ತದೆ ಹೇಳಿದರು.

"ಇದ್ರಾಗೆ ದೇವ್ರನ್ನ ಎಳೀಬ್ಯಾಡ ಕಣವ್ವ."

ಇಲ್ಲ ಸಾರ್ ಎಂದೆ. ಎಳೆಯುವುದಕ್ಕೆ ಏನೂ ಇರಲಿಲ್ಲ. ಬಿದ್ದದ್ದು ಬಣ್ಣದಿಂದ, ಬಣ್ಣ ಬಳಿದದ್ದು ಪ್ರೀತಿಯಿಂದ, ಕೊಕ್ಕೆ ಬಿಚ್ಚಿದ್ದು ಅವಸರದಿಂದ. ವೇದಿಕೆಯ ಮೇಲಾದರೆ ಇದನ್ನೇ ಹಿಡಿದು ಕಪ್ ಗೆಲ್ಲಬಹುದಿತ್ತು. ಅಂದು ನಾನು ಕೆರೆದದ್ದನ್ನು ಪಕ್ಕಕ್ಕಿಟ್ಟು ಇನ್ನೊಂದು ಮ್ಯಾಗ್ನೆಟ್ ಎತ್ತಿಕೊಂಡೆ.

ಪರೀಕ್ಷೆ ನಿಲ್ಲುವಂತಿರಲಿಲ್ಲ. ಕೆಲವು ದಿನ ಬಿಟ್ಟು ಅದೇ ಪಕ್ಕೆಗೆ ಬೇರೆ ಪ್ಲೇಟ್ ಎತ್ತಿದೆವು. ಪ್ರತಿಯೊಂದು ಪಾದವನ್ನೂ ನಾನೇ ಅಂಗೈಯಿಂದ ಸವರಿ ನೋಡಿದ್ದೆ. ಕೊಕ್ಕೆ ಬಿಚ್ಚದೆ ಬಿಟ್ಟಿದ್ದರು, ಬಾಗಿಲಲ್ಲಿ ಎರಡು ಲಾರಿ ಹಾರ್ನ್ ಹೊಡೆಯುತ್ತಾ ಕಾದಿದ್ದರೂ. ಸುಣ್ಣದ ಗೆರೆ ಎಳೆದಾಗ ಅದು ನೆಟ್ಟಗಿದೆಯೇ ಎಂದು ಸ್ಕೇಲ್ ಇಟ್ಟು ನೋಡಿದೆ. ಇಷ್ಟೆಲ್ಲ ಆದ ಮೇಲೆ ಫಿಟ್ಟರ್ ಅಣ್ಣ ಹೊಸ ಹಲಗೆಯ ಪಕ್ಕದಲ್ಲಿ ನಿಂತು ನನ್ನ ಕಡೆ ತಿರುಗಿದರು. ಹಿಂದೆ ಯಾವತ್ತೂ ಅವರು ಯಾರನ್ನೂ ಕೇಳಿದವರಲ್ಲ.

"ಹೋಗ್ಲೇನ್ರಿ ಮೇಡಂ?"

ಪಾದಗಳು ಬರಿಯ ಉಕ್ಕು, ಕೊಕ್ಕೆ ಬಿಗಿಯಾಗಿದೆ, ಎಲ್ಲವನ್ನೂ ನೋಡಿದ್ದೇನೆ. ಹೋಗಿ ಎಂದು ಹೇಳಲು ಬೇಕಾದ ಕಾರಣಗಳೆಲ್ಲ ನನ್ನ ಹತ್ತಿರ ಇದ್ದವು. ಬಾಯಿ ಮಾತ್ರ ಬರಲಿಲ್ಲ. ಅವರು ಅವಸರ ಮಾಡಲಿಲ್ಲ. ಹಲಗೆಯ ಮೇಲೆ ಕೂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ನಾನು ಇನ್ನೊಮ್ಮೆ ಒಳಗಡೆ ಹೋಗಿ, ಎಲ್ಲ ಹಿಡಿಗಳೂ ಪೂರ್ತಿ ತಿರುಗಿವೆಯೇ ಮುಟ್ಟಿ ನೋಡಿ ಬಂದೆ. ಅವರು ಇನ್ನೂ ಕಾಯುತ್ತಿದ್ದರು.

ಹೋಗಿ ಎಂದೆ. ಅವರು ಅಂಗಾತ ಮಲಗಿ ಒಳಗೆ ಜಾರಿದರು. ಆ ಬೂಟುಗಳ ಪಕ್ಕದಲ್ಲಿ ನಾನು ನೆಲದ ಮೇಲೆ ಕೂತುಬಿಟ್ಟೆ. ಯಜಮಾನರು ಬಂದು ಏನೋ ಕೇಳಿದರು, ಲಾರಿಯವನೂ ಏನೋ ಕೇಳಿದ. ಯಾರಿಗೂ ಉತ್ತರ ಕೊಡದೆ, ಫಿಟ್ಟರ್ ಅಣ್ಣ ಹೊರಗೆ ಬರುವ ತನಕ ಆ ಗೆರೆಯನ್ನೇ ನೋಡುತ್ತಿದ್ದೆ.